ನಿಮಗಿದು ಗೊತ್ತೆ? 56 ಕೋಟಿ ವರ್ಷ ಹಳೆಯ ಬೇಟೆಗಾರ

ಜೆಲ್ಲಿಫಿಶ್, ಹವಳ, ಹೈಡ್ರಾ ಎಲ್ಲವೂ ನಿಡೇರಿಯಾ ಎಂಬ ಒಂದೇ ವಂಶದವು. ಇವಕ್ಕೆ ಮಿದುಳಿಲ್ಲ, ಹೃದಯವಿಲ್ಲ. ಆದರೆ ಬೇಟೆಯಲ್ಲಿ ಇವು ಎತ್ತಿದ ಕೈ. ಹೈಡ್ರಾದ ಕುಟುಕುಕಣದೊಳಗಿನ ಮುಳ್ಳು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಹೊರಚಿಮ್ಮುತ್ತದೆ!

ಈ ಬೇಟೆ ಶುರುವಾದದ್ದು ಯಾವಾಗ? ಇಂಗ್ಲೆಂಡಿನ ಲೆಸ್ಟರ್ ಬಳಿ ಚಾರ್ನ್‌ವುಡ್ ಕಾಡಿದೆ. 2007ರಲ್ಲಿ ಸಂಶೋಧಕರು ಅಲ್ಲಿನ ಸುಮಾರು 100 ಚದರ ಮೀಟರ್ ಬಂಡೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು, ಇಡೀ ಬಂಡೆಗೆ ರಬ್ಬರ್ ಅಚ್ಚು ಹಾಕಿದರು. ಸಾವಿರಕ್ಕೂ ಹೆಚ್ಚು ಪಳೆಯುಳಿಕೆಗಳು ಕಂಡವು. ಅವುಗಳಲ್ಲಿ ಒಂದು ಮಾತ್ರ ಎಲ್ಲಕ್ಕಿಂತ ಬೇರೆಯಾಗಿತ್ತು. 20 ಸೆಂ.ಮೀ. ಎತ್ತರ, ಕವಲೊಡೆದ ಎರಡು ಬಟ್ಟಲು, ಬಟ್ಟಲ ಬಾಯಲ್ಲಿ ಒತ್ತೊತ್ತಾದ ಕರಬಳ್ಳಿಗಳು. ಜೆಲ್ಲಿಫಿಶ್‌ಗಳ ಈ ಹಿರಿಯ ಬಂಧು ಬದುಕಿದ್ದು ಸುಮಾರು 56 ಕೋಟಿ ವರ್ಷಗಳ ಹಿಂದೆ. ಈವರೆಗೆ ತಿಳಿದ ಬೇಟೆಗಾರ ಪ್ರಾಣಿಗಳಲ್ಲಿ ಇದೇ ಅತ್ಯಂತ ಹಳೆಯದು ಎನ್ನುತ್ತಾರೆ ಸಂಶೋಧಕರು.

2022ರಲ್ಲಿ ಅದಕ್ಕೆ ಅರೋರಾಲುಮಿನಾ ಅಟೆನ್‌ಬರೋಯಿ ಎಂದು ಹೆಸರಿಟ್ಟರು. ಖ್ಯಾತ ನಿಸರ್ಗ ನಿರೂಪಕ ಡೇವಿಡ್ ಅಟೆನ್‌ಬರೋ ಬೆಳೆದದ್ದು ಲೆಸ್ಟರ್‌ನಲ್ಲೇ. ಬಾಲ್ಯದಲ್ಲಿ ಪಳೆಯುಳಿಕೆ ಹುಡುಕುವ ಹುಚ್ಚಿದ್ದರೂ ಅವರು ಈ ಬಂಡೆಗಳತ್ತ ಸುಳಿದಿರಲಿಲ್ಲ. ಇವು ಜೀವಿಗಳೇ ಹುಟ್ಟದ ಕಾಲದವು ಎಂದು ಆಗ ಎಲ್ಲರೂ ನಂಬಿದ್ದರು.

ಇನ್ನೂ ಒಂದು ಅಚ್ಚರಿ: 2007ರಲ್ಲೇ ಇದೇ ನಿಡೇರಿಯಾ ವಂಶದ, ನೆಮಟೊಸ್ಟೆಲ್ಲಾ ಎಂಬ ಪುಟ್ಟ ಕಡಲ ಹೂವಿನ (ಸೀ ಅನಿಮೊನಿ) ಜೀನೋಮ್ ಪ್ರಕಟವಾಯಿತು. ಈ ಸರಳ ಪ್ರಾಣಿಯ ಜೀನ್‌ಗಳ ರಚನೆ ಹಣ್ಣಿನ ನೊಣದ್ದಕ್ಕಿಂತ ಮನುಷ್ಯನದ್ದಕ್ಕೇ ಹೆಚ್ಚು ಹತ್ತಿರವಾಗಿದೆ.