ಪರದೆಯ ತರಗತಿಗೂ ಬೇಕು ಅಭ್ಯಾಸ ಪಾಠ

ಶಿಕ್ಷಕರನ್ನು ತಯಾರು ಮಾಡುವುದು ಧಾರವಾಡಕ್ಕೆ ಹೊಸ ಕೆಲಸವಲ್ಲ. ಮುಂಬೈ ಪ್ರಾಂತ್ಯದ ಆಡಳಿತವಿದ್ದ ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡ ಶಾಲಾ ಮಾಸ್ತರರಿಗಾಗಿ ಇಲ್ಲಿ ಟ್ರೇನಿಂಗ್ ಕಾಲೇಜು ನಡೆಯುತ್ತಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಅದರೊಂದಿಗೆ ಬೆಸೆದುಕೊಂಡಿದೆ. ಶಿಕ್ಷಕ ತರಬೇತಿಯ ಜೀವಾಳವೆಂದರೆ ಅಭ್ಯಾಸ ಪಾಠ. ಪಾಠ ಟಿಪ್ಪಣಿ ಬರೆದುಕೊಂಡು ಮಕ್ಕಳ ಮುಂದೆ ನಿಲ್ಲಬೇಕು, ಹಿಂದಿನ ಬೆಂಚಿನಲ್ಲಿ ಕೂತ ಹಿರಿಯರು ತಪ್ಪು ಒಪ್ಪುಗಳನ್ನು ಬರೆದುಕೊಳ್ಳಬೇಕು, ಆಮೇಲೆ ಅದರ ಮೇಲೆ ಮಾತಾಗಬೇಕು. ಬಿ.ಇಡಿ. ಓದುವವರು ಇಂದಿಗೂ ಈ ಹಾದಿಯಲ್ಲೇ ಬರುತ್ತಾರೆ. ಕಾಲೇಜು ಉಪನ್ಯಾಸಕರಿಗೆ ಮಾತ್ರ ಈ ಹಾದಿ ಇಲ್ಲ. ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ತರಗತಿಯ ಬಾಗಿಲು ತೆರೆಯುತ್ತದೆ. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಪ್ರಶ್ನೆಗಳಿವೆ, ನಿಜ. ಆದರೆ ನಾಲ್ಕರಲ್ಲಿ ಒಂದು ಉತ್ತರವನ್ನು ಗುರುತಿಸುವುದೇ ಬೇರೆ, ಅರವತ್ತು ವಿದ್ಯಾರ್ಥಿಗಳಿಗೆ ವಿಷಯ ಮನದಟ್ಟು ಮಾಡುವುದೇ ಬೇರೆ.

ನಾಲ್ಕು ಗೋಡೆಗಳ ನಡುವೆ ಈ ಕೊರತೆ ಹೇಗೋ ಮುಚ್ಚಿಹೋಗುತ್ತಿತ್ತು. ವಿದ್ಯಾರ್ಥಿಗಳ ಮುಖ ನೋಡಿದರೇ ಎಲ್ಲಿ ಎಡವಿದೆವೆಂದು ತಿಳಿಯುತ್ತಿತ್ತು. ಪರದೆಯಲ್ಲಿ ಮುಖಗಳಿಲ್ಲ, ಹೆಸರುಗಳಿವೆ. ಪರದೆಯ ಪಾಠವೇನೂ ಕೊರೊನಾದ ಕೂಸಲ್ಲ. ನಮ್ಮ ನೆರೆಯ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2004ರ ಹೊತ್ತಿಗೇ ಎಜುಸ್ಯಾಟ್ ಯೋಜನೆಯಲ್ಲಿ ಉಪಗ್ರಹದ ಮೂಲಕ ಪಾಠ ಬಿತ್ತರಿಸಿತ್ತು. ಆದರೆ ಪ್ರತಿಯೊಬ್ಬ ಉಪನ್ಯಾಸಕರೂ ರಾತ್ರೋರಾತ್ರಿ ಕ್ಯಾಮೆರಾದ ಮುಂದೆ ಕೂರಬೇಕಾದದ್ದು 2020ರಲ್ಲಿ. ಆ ವರ್ಷವೇ ಅಮೆರಿಕದ ಕೆಲವು ಶಿಕ್ಷಣ ತಜ್ಞರು ಇದನ್ನು ತುರ್ತು ದೂರಬೋಧನೆ ಎಂದು ಕರೆದು, ಯೋಜಿಸಿ ರೂಪಿಸಿದ ಆನ್‌ಲೈನ್ ಬೋಧನೆಯೊಂದಿಗೆ ಬೆರೆಸಬೇಡಿ ಎಂದು ಎಚ್ಚರಿಸಿದ್ದರು. ನಮ್ಮಲ್ಲಿ ಎರಡೂ ಬೆರೆತುಹೋದವು. ವೆಬಿನಾರುಗಳ ಮಹಾಪೂರ ಬಂತು. ಲಿಂಕ್ ಕಳಿಸುವುದು, ಪರದೆ ಹಂಚಿಕೊಳ್ಳುವುದು, ಗೂಗಲ್ ಫಾರ್ಮ್ ತುಂಬಿಸುವುದೇ ತರಬೇತಿಯಾಯಿತು, ಕೊನೆಗೊಂದು ಪ್ರಮಾಣಪತ್ರ. ಆನ್‌ಲೈನ್ ಪಾಠ ಕಲಿಸುವ ತರಬೇತಿಯೇ ಗಂಟೆಗಟ್ಟಲೆ ಏಕಮುಖ ಭಾಷಣವಾದರೆ ಕೇಳುವವರು ಅದನ್ನೇ ಕಲಿತುಕೊಳ್ಳುತ್ತಾರೆ.

ಒಳ್ಳೆಯ ಪರದೆಯ ಪಾಠ ಹೇಗಿರಬೇಕೆಂಬುದು ಊಹೆಯ ಮಾತಲ್ಲ. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಆನ್‌ಲೈನ್ ವೇದಿಕೆಯ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿರಲಿ, ವಿದ್ಯಾರ್ಥಿಗಳು ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ. ಐಐಟಿ ಬಾಂಬೆಯ ಸಹನಾ ಮೂರ್ತಿ, ಶ್ರೀಧರ ಅಯ್ಯರ್ ಮತ್ತವರ ಸಹೋದ್ಯೋಗಿಗಳು ರೂಪಿಸಿದ ಕಲಿಯುವವರನ್ನು ಕೇಂದ್ರದಲ್ಲಿಟ್ಟ ಮಾದರಿಯಲ್ಲಿ ವಿಡಿಯೊ ನಡುನಡುವೆ ನಿಲ್ಲುತ್ತದೆ. ವಿದ್ಯಾರ್ಥಿ ಒಂದು ಪ್ರಶ್ನೆಗೆ ಯೋಚಿಸಿ ಬರೆದ ಮೇಲೆ ಮುಂದುವರಿಯುತ್ತದೆ. ದೇಶದ ಸಾವಿರಾರು ಕಾಲೇಜು ಅಧ್ಯಾಪಕರಿಗೆ ಈ ತಂಡ ತರಬೇತಿಯನ್ನೂ ಕೊಟ್ಟಿದೆ. ಆದರೆ ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು? ಅರ್ಥಶಾಸ್ತ್ರದ ಬೇಡಿಕೆ ರೇಖೆಯನ್ನು ಕಲಿಸುವಾಗ ಎಡವುವ ಜಾಗವೇ ಬೇರೆ, ಹಳಗನ್ನಡ ಪದ್ಯದ ಅನ್ವಯದಲ್ಲಿ ಎಡವುವ ಜಾಗವೇ ಬೇರೆ. ಒಂದು ವಾರದ ಶಿಬಿರ ಇದನ್ನು ಕಲಿಸಲಾರದು. ಅದೇ ವಿಷಯ ಕಲಿಸುವ ಇನ್ನೊಬ್ಬರು ಪಾಠವನ್ನು ನೋಡಿ, ಇಲ್ಲಿ ನಿಮ್ಮ ಓಟ ಜಾಸ್ತಿಯಾಯಿತು ಎನ್ನಬೇಕು. ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ತೋರಿಸಿದ್ದು ಇದನ್ನೇ: ಶಿಬಿರದಲ್ಲಿ ಕೇಳಿದ್ದು ತರಗತಿಗೆ ಇಳಿಯುವುದು ಜೊತೆಗಾರರ ಒತ್ತಾಸೆ ಇದ್ದಾಗ. ಅಂದರೆ ನಮ್ಮ ಹಳೆಯ ಅಭ್ಯಾಸ ಪಾಠವೇ. ಪರದೆಯಲ್ಲಿ ಅದು ಇನ್ನೂ ಸುಲಭ, ಪಾಠ ಹೇಗೂ ವಿಡಿಯೊದಲ್ಲಿ ದಾಖಲಾಗಿರುತ್ತದೆ.

ಕಾಲೇಜುಗಳು ಮತ್ತೆ ತೆರೆದಿವೆ, ಇನ್ನು ಇದೇಕೆ ಎನ್ನುವವರಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮ, ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯಲ್ಲಿ ಓದಲು ಅವಕಾಶ ಕೊಟ್ಟಿದೆ. ಹಾಗಾಗಿ ಪರದೆ ಹೋಗುವುದಿಲ್ಲ. ವೇಳೆ ಎಲ್ಲಿದೆ ಎಂಬ ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ಅದರ ಮೇಲೆ ಮೌಲ್ಯಮಾಪನ, ನ್ಯಾಕ್ ಮಾನ್ಯತೆಯ ಕಡತಗಳು. ಆದ್ದರಿಂದ ಅಭ್ಯಾಸ ಪಾಠವನ್ನು ಹೊಸ ಹೊರೆಯಾಗಿ ಹೇರಬಾರದು. ಬಡ್ತಿಗಾಗಿ ಹಾಜರಾಗಬೇಕಾದ ಪುನಶ್ಚೇತನ ಶಿಬಿರದ ದಿನಗಳಲ್ಲೇ ಒಂದಿಷ್ಟನ್ನು ಅದಕ್ಕೆ ಬಿಟ್ಟುಕೊಡಬೇಕು. ಪಾಠವನ್ನು ಇನ್ನೊಬ್ಬರು ನೋಡುವುದು ಕಾವಲು ಕಾದಂತೆ ಎಂಬ ಅಳುಕೂ ನ್ಯಾಯವಾದದ್ದೇ. ಹೀಗಾಗಿ ನೋಡುವವರು ಸಮಾನರಾಗಿರಬೇಕು, ಅವರ ಟಿಪ್ಪಣಿ ಪ್ರಾಂಶುಪಾಲರ ಮೇಜಿಗೆ ಹೋಗಬಾರದು. ನನಗೆ ಹೆಚ್ಚು ನೋವು ತರುವ ಸಂಗತಿ ಬೇರೆ: ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ದೊಡ್ಡ ಪಾಲನ್ನು ಹೊತ್ತ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಗೆ ಬಡ್ತಿಯೂ ಇಲ್ಲ, ಬಡ್ತಿಗಾಗಿ ಇರುವ ತರಬೇತಿಯೂ ಇಲ್ಲ. ಅಭ್ಯಾಸ ಪಾಠದ ಗಂಟೆಗಳಿಗೂ ಅವರಿಗೆ ಸಂಭಾವನೆ ಸಿಗದಿದ್ದರೆ ಈ ಯೋಜನೆಯನ್ನು ಆರಂಭಿಸುವುದೇ ಬೇಡ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಇದಕ್ಕೆ ಬೇಕಾದ ಜನ ದೂರವಿಲ್ಲ. ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಶಿಕ್ಷಣವನ್ನೇ ಸಂಶೋಧಿಸುವ ಕೇಂದ್ರವಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗವಿದೆ, ಬಿ.ಇಡಿ. ಕಾಲೇಜುಗಳಿವೆ. ಆರಂಭಕ್ಕೆ ಇಷ್ಟು ಸಾಕು: ಒಂದು ವಿಷಯ, ಆರು ಕಾಲೇಜುಗಳ ಆರು ಉಪನ್ಯಾಸಕರು, ಒಂದು ಸೆಮಿಸ್ಟರಿನಲ್ಲಿ ತಲಾ ಎರಡು ಪಾಠ. ಮೊದಲ ಗುಂಪು ವಾಣಿಜ್ಯ ವಿಭಾಗದ್ದಾಗಲಿ. ಅಲ್ಲಿ ತರಗತಿಗಳು ದೊಡ್ಡವು, ಲೆಕ್ಕಶಾಸ್ತ್ರದ ತಪ್ಪು ಯಾವ ಸಾಲಿನಲ್ಲಿ ಶುರುವಾಯಿತೆಂದು ದಾಖಲಾದ ಪಾಠದಲ್ಲಿ ಬೆರಳಿಟ್ಟು ತೋರಿಸಬಹುದು.