ಅನ್ಯೋನ್ಯತೆ: ಒಬ್ಬರಿಗೊಬ್ಬರ ಆಸರೆ



ಗಡಿನಾಡಿನ ಹಲವು ಊರುಗಳಲ್ಲಿ ಕನ್ನಡ ಮಾತನಾಡುವ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಭಾನುವಾರದ ಆರಾಧನೆ ಒಂದೆಡೆ ಮಲಯಾಳದಲ್ಲಿ, ಇನ್ನೊಂದೆಡೆ ತಮಿಳಿನಲ್ಲಿ, ಮತ್ತೊಂದೆಡೆ ಮರಾಠಿಯಲ್ಲೋ ತೆಲುಗಿನಲ್ಲೋ ನಡೆಯುತ್ತದೆ. ಮನೆಯ ಪ್ರಾರ್ಥನೆ ಮಾತ್ರ ಕನ್ನಡದಲ್ಲಿ. ಮಕ್ಕಳಿಗೆ ಎರಡು ಭಾಷೆಯೂ ಸಲೀಸು. ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೆ ಪ್ರಸಂಗ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಹೀಗಿರುವವರನ್ನು ಸಭೆ ತನ್ನವರೆಂದು ಹೇಗೆ ಕಾಣಬೇಕು? ಈ ಪ್ರಶ್ನೆ ಹೊಸದಲ್ಲ. ಕ್ರೈಸ್ತ ಸಭೆ ಹುಟ್ಟಿದ ಹೊಸತರಲ್ಲೇ ಎದ್ದದ್ದು.

ಯೆರೂಸಲೇಮಿನ ಮೊದಲ ಸಭೆಯಲ್ಲಿ ಎರಡು ಭಾಷೆಯವರಿದ್ದರು. ಕೆಲವರದು ಊರಿನ ಮಾತಾದ ಅರಮೇಯ, ಕೆಲವರದು ಗ್ರೀಕ್. ಬಡ ವಿಧವೆಯರಿಗೆ ದಿನವೂ ಆಹಾರ ಹಂಚುವ ಪದ್ಧತಿ ಇತ್ತು. ಆ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಅಪೊಸ್ತಲರು ಅದನ್ನು ಮುಚ್ಚಿಡಲಿಲ್ಲ. ಗೊಣಗಿದವರನ್ನು ಗದರಿಸಲೂ ಇಲ್ಲ. ಎಲ್ಲರನ್ನೂ ಕರೆದು, ಈ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿರಿ ಎಂದರು. ಸ್ತೆಫನ, ಫಿಲಿಪ್ಪ ಮೊದಲಾಗಿ ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ನೋವು ಯಾವ ಕಡೆಯಿಂದ ಬಂದಿತ್ತೋ ಆ ಕಡೆಯವರ ಕೈಗೇ ಹಂಚುವ ಜವಾಬ್ದಾರಿ ಹೋಯಿತು ಎಂದು ಇದರಿಂದ ತಿಳಿಯಬಹುದು.

ನಮ್ಮ ಕನ್ನಡ ಬೈಬಲಿನಲ್ಲಿ 'ಅನ್ಯೋನ್ಯತೆ' ಎಂಬ ಮಾತಿದೆ. ಅದರ ಮೂಲ ಗ್ರೀಕ್ ಶಬ್ದ 'ಕೊಯ್ನೊನಿಯ'. ಎಲ್ಲರಿಗೂ ಸೇರಿದ್ದು, ಪಾಲು ಹಂಚಿಕೊಳ್ಳುವುದು ಎಂಬುದು ಅದರ ತಿರುಳು. ಒಟ್ಟಿಗೆ ಕುಳಿತು ಹಾಡಿದ ಮಾತ್ರಕ್ಕೆ ಅನ್ಯೋನ್ಯತೆ ಪೂರ್ತಿಯಾಗುವುದಿಲ್ಲ. ಅನ್ನದಲ್ಲಿ, ಕಷ್ಟದಲ್ಲಿ, ಜವಾಬ್ದಾರಿಯಲ್ಲಿ ಪಾಲು ಸಿಗಬೇಕು.

ಇನ್ನು ಧೈರ್ಯ ತುಂಬುವ ಮಾತು. ಅದೇ ಸಭೆಯಲ್ಲಿ ಕುಪ್ರ ದ್ವೀಪದ ಯೋಸೇಫ ಎಂಬವನಿದ್ದ. ಧೈರ್ಯ ತುಂಬುವವನು ಎಂಬ ಅರ್ಥದಲ್ಲಿ ಅಪೊಸ್ತಲರು ಅವನಿಗೆ ಬಾರ್ನಬ ಎಂದು ಹೆಸರಿಟ್ಟರು. ಸಭೆಯನ್ನು ಹಿಂಸಿಸುತ್ತಿದ್ದ ಸೌಲ ಮನಸ್ಸು ತಿರುಗಿ ಬಂದಾಗ ಎಲ್ಲರೂ ಅಂಜಿದರು. ಬಾರ್ನಬ ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರೆತಂದ. ಮುಂದೆ ಅಂತಿಯೋಕ್ಯದಲ್ಲಿ ಯೆಹೂದ್ಯರೂ ಗ್ರೀಕರೂ ಬೆರೆತ ಹೊಸ ಸಭೆ ಬೆಳೆದಾಗ, ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದವನೂ ಅವನೇ. ಆ ಸೌಲನೇ ಪೌಲ. ಅರ್ಧ ದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕ ಬೇಡವೆಂದು ಪೌಲ ಹಟ ಹಿಡಿದಾಗ, ಬಾರ್ನಬ ಮಾರ್ಕನನ್ನು ಜೊತೆಗೆ ಕರೆದುಕೊಂಡು ಹೋದ. ಕಡೆಗೆ ಪೌಲನ ಹೆಸರಿನ ಪತ್ರವೊಂದರಲ್ಲೇ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಎಂಬರ್ಥದ ಮಾತು ಬರುತ್ತದೆ. ಒಬ್ಬರು ನಂಬಿಕೆಯಿಟ್ಟರೆ ಬಿದ್ದವರು ಹೇಗೆ ಏಳುತ್ತಾರೆ ನೋಡಿ!

ಆಸರೆ ಒಂದೇ ಕಡೆಗೆ ಹರಿಯುವುದಲ್ಲ. ಕ್ಲೌದಿಯ ಚಕ್ರವರ್ತಿಯ ಕಾಲದಲ್ಲಿ, ಅಂದರೆ ಕ್ರಿ.ಶ. 41ರಿಂದ 54ರ ನಡುವೆ, ಬರ ಬಂದಾಗ ಅಂತಿಯೋಕ್ಯದವರು ಕೈಲಾದಷ್ಟು ಕೂಡಿಸಿ ಯೂದಾಯದ ಸಹೋದರರಿಗೆ ಕಳುಹಿಸಿದರು. ಒಯ್ದವರು ಬಾರ್ನಬ ಮತ್ತು ಸೌಲ. ಕಲಿತ ಕಿರಿಯ ಸಭೆ ಕಲಿಸಿದ ಹಿರಿಯ ಸಭೆಗೆ ನೆರವಾಯಿತು.

ಹಾಗಾದರೆ ನಾವೇನು ಮಾಡಬಹುದು? ವೇದಪಾಠವನ್ನು ಎರಡು ಭಾಷೆಯಲ್ಲೂ ಓದಬಹುದು. ವಾರಕ್ಕೊಮ್ಮೆ ಒಂದು ಮನೆಯಲ್ಲಿ ಕೂಡಿ ಕನ್ನಡದಲ್ಲಿ ಪ್ರಾರ್ಥಿಸಬಹುದು. ಎರಡು ಭಾನುವಾರ ಕಾಣದವರ ಮನೆಗೆ ಹೋಗಿ, ಏನಮ್ಮಾ, ಮೈಗೆ ಹುಷಾರಿಲ್ಲವೇ ಎಂದು ಕೇಳಬಹುದು. ನಮ್ಮದೇ ಕನ್ನಡ ಸಭೆಯಾದರೆ, ಅಲ್ಲಿ ಬೇರೆ ಭಾಷೆಯ ಕೂಲಿಯವರು ಒಂಟಿಯಾಗಿ ಕುಳಿತಿದ್ದಾರೆಯೇ ಎಂದೂ ನೋಡಬೇಕು. ನಮಗಾದ ನೋವು ನಮ್ಮಿಂದ ಇನ್ನೊಬ್ಬರಿಗೆ ಆಗಬಾರದು.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನೇರ ಬಾಗಿಲಿಗೆ ನಡೆಯಬೇಡಿ. ಹಿಂದಿನ ಸಾಲಿನ ಅಜ್ಜಿಯ ಪಕ್ಕ ಒಂದು ಗಳಿಗೆ ಕುಳಿತುಕೊಳ್ಳಿ. ಪ್ರಸಂಗದ ಉಳಿದರ್ಧವನ್ನು ಅವರ ಮಾತಿನಲ್ಲೇ ಹೇಳಿ.