ಆಮೆಯ ಜ್ಯಾಮಿತಿ: ಗಣಕ, ಭಾಷೆ ಮತ್ತು ಸೃಜನಶೀಲ ಕಲಿಕೆ

ಶಾಲೆಗೆ ಗಣಕಯಂತ್ರ ಪ್ರವೇಶಿಸಿದಾಗ ಅದನ್ನು ಪಾಠ ಒಪ್ಪಿಸಿಕೊಳ್ಳುವ ಯಂತ್ರವೆಂದು ಭಾವಿಸಿದವರೇ ಹೆಚ್ಚು. ಪ್ರಶ್ನೆ ಕೇಳುವುದು, ಉತ್ತರದ ಸರಿತಪ್ಪು ತಿಳಿಸುವುದು, ಮುಂದಿನ ಪ್ರಶ್ನೆಗೆ ಸಾಗುವುದು ಇವೇ ಅದರ ಕಾರ್ಯಗಳೆನಿಸಿದ್ದವು. ಈ ಸಂಬಂಧವನ್ನು ತಿರುವುಮುರುವು ಮಾಡಿ, ಮಗುವೇ ಯಂತ್ರಕ್ಕೆ ಕಲಿಸಬೇಕೆಂಬ ವಿಚಾರವನ್ನು ಮಂಡಿಸಿದವರಲ್ಲಿ ಸೀಮೋರ್ ಪ್ಯಾಪರ್ಟ್ (1928–2016) ಪ್ರಮುಖರು. ಜಿನೀವಾದಲ್ಲಿ ಜೀನ್ ಪಿಯಾಜೆಯವರೊಡನೆ ಕೆಲಸ ಮಾಡಿದ್ದ ಅವರು, ವಾಲಿ ಫ್ಯೂರ್ಜಿಗ್, ಸಿಂಥಿಯಾ ಸಾಲಮನ್ ಮೊದಲಾದವರೊಂದಿಗೆ 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಕ್ಕಳಿಗಾಗಿ ‘ಲೋಗೋ’ ಎಂಬ ಕ್ರಮವಿಧಿ ಭಾಷೆಯನ್ನು ರೂಪಿಸಿದರು.

ಲೋಗೋದಲ್ಲಿ ಆಮೆಯೊಂದು ಮಗುವಿನ ಆಜ್ಞೆಯಂತೆ ಗೆರೆ ಎಳೆಯುತ್ತ ಚಲಿಸುತ್ತದೆ. ಐವತ್ತು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ. ಇದನ್ನು ನಾಲ್ಕು ಬಾರಿ ಮಾಡಿದರೆ ಚೌಕ. ಸಮಬಾಹು ತ್ರಿಭುಜಕ್ಕೆ ಬಂದಾಗ ತೊಡಕು. ಪಠ್ಯಪುಸ್ತಕದಲ್ಲಿ ಕೋನ 60 ಡಿಗ್ರಿ ಎಂದಿರುವುದರಿಂದ ಮಗು ಅಷ್ಟೇ ತಿರುಗಲು ಹೇಳುತ್ತದೆ. ಆಕೃತಿ ಮುಚ್ಚಿಕೊಳ್ಳದೆ ಅರ್ಧ ಷಡ್ಭುಜವಾಗಿ ನಿಲ್ಲುತ್ತದೆ. ಯಂತ್ರ ‘ತಪ್ಪು’ ಎನ್ನುವುದಿಲ್ಲ. ಹೇಳಿದ್ದನ್ನು ಮಾಡಿ ತೋರಿಸುತ್ತದೆ, ಅಷ್ಟೆ. ಮಗು ತಾನೇ ನೆಲದ ಮೇಲೆ ನಡೆದು ನೋಡಿದರೆ, ತಿರುಗಬೇಕಾದುದು ಒಳಕೋನವನ್ನಲ್ಲ, 120 ಡಿಗ್ರಿಯ ಹೊರಕೋನವನ್ನು ಎಂಬುದು ಮೈಗೇ ತಿಳಿಯುತ್ತದೆ. ಬಹುಭುಜವೊಂದನ್ನು ಸುತ್ತಿ ಮೊದಲಿನ ದಿಕ್ಕಿಗೇ ಮುಖಮಾಡಿ ನಿಂತರೆ ಒಟ್ಟು ತಿರುವು 360 ಡಿಗ್ರಿ ಎಂಬ ಪ್ರಮೇಯ ಇಲ್ಲಿ ಬಾಯಿಪಾಠದ ವಸ್ತುವಲ್ಲ. ತನ್ನ ಆಲೋಚನೆಯನ್ನೇ ಹೊರಗಿಟ್ಟು ನೋಡಿ ತಿದ್ದಿಕೊಳ್ಳುವ ಈ ಅವಕಾಶವನ್ನೇ ಪ್ಯಾಪರ್ಟ್ 1980ರ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥದಲ್ಲಿ ಎತ್ತಿಹಿಡಿದರು.

ಈ ಉತ್ಸಾಹಕ್ಕೆ ತಡೆಯೂ ಬಂತು. ಲೋಗೋ ಕಲಿತ ಮಕ್ಕಳ ಯೋಜನಾ ಸಾಮರ್ಥ್ಯ ಇತರರಿಗಿಂತ ಹೆಚ್ಚಿದುದು ಕಾಣಲಿಲ್ಲವೆಂದು ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್ 1984ರಲ್ಲಿ ವರದಿ ಮಾಡಿದರು. ಔಷಧದ ಗುಣವನ್ನು ಅಳೆಯುವಂತೆ ಯಂತ್ರದ ಪರಿಣಾಮವನ್ನು ಅಳೆಯಲಾಗದು, ಅದರ ಸುತ್ತ ಬೆಳೆಯುವ ಕಲಿಕೆಯ ಸಂಸ್ಕೃತಿಯನ್ನು ನೋಡಬೇಕೆಂಬುದು ಪ್ಯಾಪರ್ಟ್ ನಿಲುವು. ಉತ್ತರ ಸಮಂಜಸವೇ, ಆದರೆ ಪೂರ್ಣವಲ್ಲ. ಅಂಥ ಸಂಸ್ಕೃತಿಯನ್ನು ಕಟ್ಟುವ ಹೊಣೆ ಶಿಕ್ಷಕರದೇ ಆಗಿರುವಾಗ ಅವರ ತರಬೇತಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗಣಕವನ್ನು ಪ್ರತ್ಯೇಕ ವಿಷಯವಾಗಿ, ಪ್ರತ್ಯೇಕ ಬೋಧಕರಿಂದ ಕಲಿಸುವಲ್ಲಿ, ಮುಚ್ಚಿಕೊಳ್ಳದ ಆ ತ್ರಿಭುಜವನ್ನು ಗಣಿತದ ಶಿಕ್ಷಕರು ನೋಡುವುದೇ ಇಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಸಂಗತಿ ವಿಚಾರಾರ್ಹ. ಲೋಗೋದಲ್ಲಿ ಆಜ್ಞೆ ಮೊದಲು, ಸಂಖ್ಯೆ ಅನಂತರ: ‘ಫಾರ್ವರ್ಡ್ 50’. ಇಂಗ್ಲಿಷ್ ಮಗುವಿಗೆ ಇದು ಮಾತಿನ ಸಹಜ ಕ್ರಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘50 ಹೆಜ್ಜೆ ನಡೆ’ ಎನ್ನುವುದೇ ಸಹಜ. ಆದುದರಿಂದ ಪದಗಳನ್ನಷ್ಟೇ ಬದಲಿಸಿದರೆ ಭಾಷಾಂತರ ಪೂರ್ಣವಾಗದು. ‘ನಡೆ 50’ ಎಂಬುದು ಕನ್ನಡದ ಪದಗಳನ್ನು ತೊಟ್ಟ ಇಂಗ್ಲಿಷ್ ವಾಕ್ಯ. ಎಂಐಟಿಯ ಮಾಧ್ಯಮ ಪ್ರಯೋಗಾಲಯದಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಸಾರ್ವಜನಿಕಗೊಳಿಸಿದ ‘ಸ್ಕ್ರ್ಯಾಚ್’ ಆಜ್ಞೆಗಳನ್ನು ಬೆರಳಚ್ಚಿಸುವ ಬದಲು ಒಂದಕ್ಕೊಂದು ಕೂಡುವ ಬಿಲ್ಲೆಗಳಾಗಿ ಇರಿಸಿತು. ಬಿಲ್ಲೆಯ ಮೇಲಿನ ವಾಕ್ಯದಲ್ಲಿ ಸಂಖ್ಯೆಯ ಖಾಲಿ ಜಾಗವನ್ನು ಭಾಷಾಂತರಕಾರರು ತಮ್ಮ ಭಾಷೆಯ ಅನ್ವಯಕ್ಕೆ ತಕ್ಕ ಕಡೆ ಇಡಬಹುದು. ಕ್ರಿಯಾಪದ ಕೊನೆಯಲ್ಲಿಯೇ ಉಳಿದರೂ ಯಂತ್ರಕ್ಕೆ ಬಾಧಕವಿಲ್ಲ.